ಪದಚರ್ಚೆ: ಬ್ರೇಕ್ ಪೆಡಲ್ ‘ಮೆತ್ತಗಿದೆ’ ಅಂದರೆ ಯಾವ ಮೆತ್ತಗೆ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ತಕರಾರು ತಂದಿದ್ದೇನೆ. ಪದ ಚಿಕ್ಕದು, ‘ಮೆತ್ತಗೆ’. ಇದರಿಂದ ನನ್ನ ಒಂದು ಭಾನುವಾರ ಪೂರ್ತಿ ಹೋಯಿತು. ಹಾಗಾಗಿ ಕತೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ತೀರ್ಥಹಳ್ಳಿ ಹತ್ತಿರ ನಮ್ಮ ಭಾವನ ತೋಟ. ಅವರ ಹಳೇ ಜೀಪಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮಳೆಗಾಲದಲ್ಲಿ ಹಳ್ಳ ದಾಟಿದರೆ ಡ್ರಮ್ಮಿಗೆ ನೀರು ಹೊಕ್ಕು ಬ್ರೇಕ್ ಹಿಡಿಯುತ್ತಿರಲಿಲ್ಲ. ಅದಕ್ಕೇ ಮುಂದಿನ ಎರಡು ಚಕ್ರಕ್ಕೆ ತಾವೇ ಡಿಸ್ಕ್ ಹಾಕಲು ಹೊರಟರು, ಅಂಗಳದ ಅಡಿಕೆ ಚಪ್ಪರದ ಕೆಳಗೆ. ಬೇರೆ ಗಾಡಿಯಿಂದ ಬಿಚ್ಚಿದ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡನ್ನು ಒತ್ತಿ ಹಿಡಿಯುವ ಭಾಗ), ಹೊಸ ಪ್ಯಾಡು, ಹೊಸ ಹೋಸು. ಎಲ್ಲ ಕೂರಿಸಿ ತುಳಿದರೆ ಪೆಡಲ್ ಸೀದಾ ನೆಲಕ್ಕೆ.

‘ಮೆತ್ತಗಿದೆ ಮಾರಾಯ’ ಅಂದರು ಭಾವ.

ಪೇಟೆಯ ಮೇಸ್ತ್ರಿಗೆ ಫೋನ್ ಮಾಡಿ ನಾನೂ ಅದನ್ನೇ ಹೇಳಿದೆ. ಆತ ತಿರುಗಿಸಿ ಕೇಳಿದ: ‘ಮೆತ್ತಗೆ ಅಂದ್ರೆ ಹೆಂಗೆ ಸಾರ್? ಸ್ಪಂಜ್ ಥರಾನೋ, ಉದ್ದ ಹೋಗುತ್ತೋ, ಇಳೀತಾ ಹೋಗುತ್ತೋ?’

ನಾನು ತಬ್ಬಿಬ್ಬು. ಇಷ್ಟು ವರ್ಷ ಅನುವಾದ ಮಾಡಿದವನಿಗೆ ಈ ಮೂರೂ ಬೇರೆ ಬೇರೆ ಅಂತ ಹೊಳೆದಿರಲಿಲ್ಲ. ಇಂಗ್ಲಿಷಿನಲ್ಲೂ ಜನ ಮೂರಕ್ಕೂ ‘ಸಾಫ್ಟ್’ ಅಂದುಬಿಡುತ್ತಾರೆ. ಆದರೆ ಕಾಯಿಲೆ ಮೂರು, ಮದ್ದೂ ಮೂರು.

ಸ್ಪಂಜಿನ ಥರ ಅಂದರೆ ತುಳಿದಷ್ಟೂ ಅಮುಕಿಕೊಳ್ಳುತ್ತದೆ, ಕಾಲು ಎತ್ತಿದರೆ ಪುಟಿಯುತ್ತದೆ. ಎರಡು ಮೂರು ಸಲ ಪಂಪ್ ಮಾಡಿದರೆ ಕೊಂಚ ಗಟ್ಟಿಯಾಗುತ್ತದೆ. ಪೈಪಿನಲ್ಲಿ ಗಾಳಿ ಉಳಿದಿದೆ ಎಂದರ್ಥ. ದ್ರವ ಅಮುಕಿಕೊಳ್ಳುವುದಿಲ್ಲ, ಗಾಳಿ ಅಮುಕಿಕೊಳ್ಳುತ್ತದೆ. ನಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಚುಕುವುದಕ್ಕೇ ಖರ್ಚು.

ಉದ್ದ ಹೋಗುವುದು ಬೇರೆ. ಅಲ್ಲಿ ಪೆಡಲ್ ತುಂಬ ಕೆಳಗೆ ಹೋಗಿ ಹಿಡಿಯುತ್ತದೆ, ಹಿಡಿದ ಮೇಲೆ ಗಟ್ಟಿಯಾಗಿಯೇ ಇರುತ್ತದೆ. ಹಿಂದಿನ ಡ್ರಮ್ಮಿನೊಳಗೆ ಉಜ್ಜುವ ಶೂ ಸವೆದು ಸಂದು ಜಾಸ್ತಿಯಾಗಿದ್ದರೆ ಹೀಗಾಗುತ್ತದೆ. ಇಲ್ಲವೇ ಹೊಸ ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಪೆಡಲ್ ತುಳಿದಾಗ ದ್ರವ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೇ ಸಣ್ಣದು. ಒಂದು ತುಳಿತಕ್ಕೆ ಬೇಕಾದಷ್ಟು ದ್ರವವನ್ನು ಅದು ತಳ್ಳಲಾರದು. ಹಳೇ ಜೀಪುಗಳಲ್ಲಿ ಇನ್ನೊಂದು ಕಿತಾಪತಿ ಇದೆ. ಮಾಸ್ಟರ್ ಇರುವುದು ಕಾಲಡಿ, ಕ್ಯಾಲಿಪರಿಗಿಂತ ತಗ್ಗಿನಲ್ಲಿ. ಕಾಲು ತೆಗೆದಾಗ ದ್ರವ ಹಿಂದಕ್ಕೆ ಇಳಿದುಬಿಡುತ್ತದೆ. ಅದನ್ನು ತಡೆಯಲು ನಡುವೆ 2 ಪಿಎಸ್‌ಐ ಒತ್ತಡ ಹಿಡಿದಿಡುವ ಸಣ್ಣ ವಾಲ್ವ್ ಹಾಕುತ್ತಾರೆ. ಡ್ರಮ್ಮಿನದು 10 ಪಿಎಸ್‌ಐ. ಅದನ್ನೇ ಡಿಸ್ಕಿಗೆ ಬಿಟ್ಟರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಇನ್ನು ಇಳಿಯುತ್ತಾ ಹೋಗುವುದು. ಕಾಲನ್ನು ಒಂದೇ ಸಮ ಒತ್ತಿ ಹಿಡಿದಿದ್ದರೂ ಪೆಡಲ್ ಮೆಲ್ಲಗೆ ಕುಸಿಯುತ್ತದೆ. ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರಿನ ಒಳಗಿನ ರಬ್ಬರು ಒತ್ತಡ ತಡೆಯುತ್ತಿಲ್ಲ. ಗ್ಯಾರೇಜಿನ ಮಾತಲ್ಲಿ ‘ಕಿಟ್ ಹೋಗಿದೆ’.

ನೋಡಿ, ಮೇಸ್ತ್ರಿ ಹೆಸರಿಟ್ಟಿದ್ದು ಕಡಿಮೆ. ಮೂರರಲ್ಲಿ ಎರಡನ್ನು ಬರೀ ಕ್ರಿಯಾಪದದಲ್ಲೇ ಹೇಳಿಬಿಟ್ಟ. ಉದ್ದ ಹೋಗು, ಇಳೀತಾ ಹೋಗು. ನನಗೆ ಇದು ‘ಮೃದು ಪೆಡಲ್’, ‘ನಿಮ್ನ ಪೆಡಲ್’ ಅಂತ ಟಂಕಿಸುವುದಕ್ಕಿಂತ ಎಷ್ಟೋ ಮೇಲು ಅನ್ನಿಸುತ್ತದೆ. ‘ಮೃದು’ ಕನ್ನಡದಲ್ಲಿ ಒಳ್ಳೆಯ ಗುಣ ಅಲ್ವಾ? ಮೃದು ಮಾತು, ಮೃದು ಸ್ವಭಾವ. ಮೃದು ಬ್ರೇಕ್ ಅಂದರೆ ಜಾಹೀರಾತಿನ ಹಾಗೆ ಕೇಳಿಸುತ್ತದೆ. ‘ಮೆತ್ತಗೆ’ಯ ಜಾಯಮಾನ ಬೇರೆ. ಹಪ್ಪಳ ಮೆತ್ತಗಾಯಿತು, ಜೋರು ಮಾಡಿದರೆ ಆಸಾಮಿ ಮೆತ್ತಗಾದ. ಮೊದಲು ಗಟ್ಟಿಯಿದ್ದದ್ದು ಈಗ ಇಲ್ಲ ಎಂಬ ದೂರು ಅದರೊಳಗೇ ಇದೆ. ಮೆತ್ತೆ, ಮೆತ್ತಗೆ, ಮೆಲ್ಲಗೆ ಎಲ್ಲ ಒಂದೇ ಬಳಗದವು. ಹಾಗಾಗಿ ಸ್ಪಂಜಿನ ಥರದ ತೊಂದರೆಗೆ ಮಾತ್ರ ‘ಮೆತ್ತಗೆ’ ಇಟ್ಟುಕೊಂಡು, ಉಳಿದ ಎರಡಕ್ಕೆ ಮೇಸ್ತ್ರಿಯ ಮಾತನ್ನೇ ಇಟ್ಟುಕೊಳ್ಳೋಣ ಅಂತಿದ್ದೇನೆ. ಒಪ್ಪುತ್ತೀರಾ?

ಎರಡನೇ ತಕರಾರು ‘ಬಿಡು’.

ಫೋನಿಗೂ ಮುಂಚೆ ನಾವಿಬ್ಬರೇ ಒಂದು ಸುತ್ತು ಏರ್ ತೆಗೆದಿದ್ದೆವು, ಅಂದರೆ ಬ್ರೇಕ್ ಪೈಪಿನೊಳಗೆ ಉಳಿದ ಗಾಳಿಯನ್ನು ಹೊರಗೆ ಹಾಕಿದ್ದೆವು. ಭಾವ ಚಕ್ರದ ಪಕ್ಕ ಮಲಗಿ ಸ್ಪ್ಯಾನರ್ ಹಿಡಿದಿದ್ದರು. ನಾನು ಸೀಟಿನಲ್ಲಿ. ಕ್ಯಾಲಿಪರಿನ ನಿಪ್ಪಲ್ಲಿಗೆ (ಗಾಳಿ ಹೊರಬಿಡುವ ಸಣ್ಣ ತಿರುಪಿಗೆ) ಸಿಕ್ಕಿಸಿದ ಪ್ಲಾಸ್ಟಿಕ್ ಪೈಪಿನ ಇನ್ನೊಂದು ತುದಿ ಉಪ್ಪಿನಕಾಯಿ ಬಾಟಲಿಯೊಳಗೆ. ಕ್ರಮ ಇಷ್ಟೇ: ಮೂರು ಸಲ ತುಳಿ, ಒತ್ತಿ ಹಿಡಿ, ಅವರು ನಿಪ್ಪಲ್ ಸಡಿಲಿಸುತ್ತಾರೆ, ಪೆಡಲ್ ನೆಲಕ್ಕಿಳಿಯುತ್ತದೆ, ಅವರು ಬಿಗಿ ಮಾಡಿದ ಮೇಲೆಯೇ ಕಾಲು ತೆಗೆಯಬೇಕು. ಭಾವ ಕೆಳಗಿನಿಂದ ‘ಹಾಂ, ಬಿಡ್ತೀನಿ’ ಅಂದರು. ನನಗೆ ‘ಹಾಂ, ಬಿಡು’ ಅಂತಷ್ಟೇ ಕೇಳಿಸಿತು. ಬಿಟ್ಟೆ. ನಿಪ್ಪಲ್ ತೆರೆದಿತ್ತು. ಕಾಲು ಎತ್ತಿದ ಕೂಡಲೇ ಬಾಟಲಿ ಕಡೆಯಿಂದ ಸುರ್ ಅಂತ ಗಾಳಿ ಒಳಗೆ ಹೋಯಿತು. ತೆಗೆದ ಗಾಳಿಯೆಲ್ಲ ವಾಪಸ್ಸು. ಹೀಗೆ ಎಷ್ಟು ಸಲ ಆಗಿತ್ತೋ ದೇವರೇ ಬಲ್ಲ.

‘ಹಿಡಿ’ಯದೂ ಇದೇ ಗೋಳು. ಪೆಡಲ್ ಹಿಡಿ, ಬ್ರೇಕ್ ಹಿಡೀತಾ, ಪೈಪ್ ಹಿಡಿ. ಹಾಗಾಗಿ ಟಿಪ್ಪಣಿಯಲ್ಲಿ ಸೀಟಿನವನಿಗೆ ‘ತುಳಿ’, ‘ಕಾಲು ತೆಗಿ’, ಕೆಳಗಿನವನಿಗೆ ‘ಸಡಿಲ’, ‘ಬಿಗಿ’ ಅಂತ ಬೇರೆ ಬೇರೆ ಕೂಗು ಗೊತ್ತು ಮಾಡಿದ್ದೇನೆ. ಹೌದು, ಭಾವನಂಥವರಿಗಾಗಿ ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ, ಈ ಪತ್ರ ಅದಕ್ಕೇ.

ಅಂದಹಾಗೆ ನಿಜವಾದ ತಪ್ಪು ಅದೂ ಆಗಿರಲಿಲ್ಲ. ‘ಸ್ಪಂಜ್ ಥರ’ ಅಂದಾಗ ಮೇಸ್ತ್ರಿ ಮುಂದಿನ ಪ್ರಶ್ನೆ ಕೇಳಿದ: ‘ನಿಪ್ಪಲ್ ನೆಲ ನೋಡ್ತಿದ್ಯೋ, ಆಕಾಶ ನೋಡ್ತಿದ್ಯೋ?’ ಬಗ್ಗಿ ನೋಡಿದರೆ ನೆಲ. ಭಾವ ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದರು. ಗಾಳಿ ಮೇಲೇರುತ್ತದೆ. ಬಾಗಿಲು ಕೆಳಗಿದ್ದರೆ ಅದು ಹೊರಗೆ ಬರುವುದು ಹೇಗೆ? ದ್ರವ ಹೋಗುತ್ತಿತ್ತು, ಗುಳ್ಳೆ ಮೇಲೆ ಹಾಯಾಗಿ ಕೂತಿತ್ತು. ಅದಲು ಬದಲು ಮಾಡಿ, ಜೋಡಣೆಗೆ ಹೊಸ ತಾಮ್ರದ ವಾಷರ್ ಹಾಕಿ, ಮತ್ತೆ ಏರ್ ತೆಗೆದೆವು. ಮಾಸ್ಟರಿನಿಂದ ತುಂಬ ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ. ಅಲ್ಲಿಯ ತನಕ ಗಾಡಿ ಅಂಗಳ ಬಿಟ್ಟಿರಲಿಲ್ಲ, ಪುಣ್ಯ.

ಈ ಕೆಲಸಕ್ಕೆ ಇಂಗ್ಲಿಷಿನ ಹೆಸರು ‘ಬ್ಲೀಡಿಂಗ್’. ಒಂದು ಯಂತ್ರಾನುವಾದ ಅದನ್ನು ‘ಬ್ರೇಕ್ ರಕ್ತಸ್ರಾವ’ ಮಾಡಿತ್ತು. ನಕ್ಕೂ ನಕ್ಕೂ ಸಾಕಾಯಿತು. ನಮ್ಮ ಕಡೆ ‘ಏರ್ ತೆಗೆಯೋದು’ ಅಂತ ಚೆನ್ನಾಗಿಯೇ ಇದೆ. ಒಂದು ಸೋಜಿಗ: ಟೈರಿಗೆ ‘ಗಾಳಿ’ ಅನ್ನುವ ಬಾಯಿಯೇ ಬ್ರೇಕಿಗೆ ಬಂದರೆ ‘ಏರ್’ ಅನ್ನುತ್ತದೆ. ಟೈರಿನದು ಬೇಕಾದ ಗಾಳಿ, ಬ್ರೇಕಿನದು ಬೇಡದ್ದು ಅಂತಲೋ ಏನೋ. ಬೇರೆ ಕಡೆಯೂ ಹೀಗೇನಾ?

ಒಂದು ವಿಷಯದಲ್ಲಿ ಮಾತ್ರ ನಾನು ಗ್ಯಾರೇಜಿನ ಮಾತನ್ನು ಒಪ್ಪುವುದಿಲ್ಲ. ‘ಬ್ರೇಕ್ ಆಯಿಲ್’. ಅದು ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4 ಎಂಬ ದರ್ಜೆಗಳೆರಡೂ ಗ್ಲೈಕಾಲ್ ಬಗೆಯ ದ್ರವಗಳು. ನೀರು ಹೀರುತ್ತವೆ, ಹೊಸ ಡಾಟ್ 3 ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಬೇಕು, ನೀರು ಹೀರಿದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ದ್ರವ ಕುದಿದರೆ ಆವಿ ಹುಟ್ಟಿ ಪೆಡಲ್ ಮತ್ತೆ ಮೆತ್ತಗೆ. ಯಾರಾದರೂ ‘ಆಯಿಲ್’ ಅಂದದ್ದನ್ನು ನಂಬಿ ಇಂಜಿನ್ ಆಯಿಲ್ ಸುರಿದರಂತೂ ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ. ಹಾಗಾಗಿ ‘ಬ್ರೇಕ್ ಎಣ್ಣೆ’ ಬೇಡವೇ ಬೇಡ. ‘ಬ್ರೇಕ್ ದ್ರವ’ ಪುಸ್ತಕದ ಮಾತಾಯಿತು ಅಂತ ಭಾವ ಗೊಣಗುತ್ತಾರೆ. ‘ಬ್ರೇಕ್ ಫ್ಲೂಯಿಡ್’ ಅಂತಲೇ ಬಿಡಲಾ?

ಬ್ರೇಕಿಗೆ ‘ಬಿರಿ’ ಅಂತ ಬಳಸಿದ್ದನ್ನೂ ಓದಿದ್ದೇನೆ. ಚಂದದ ಪದವೇ. ಆದರೆ ‘ಬಿರಿ ಮೆತ್ತಗಿದೆ’ ಅಂದರೆ ಮೇಸ್ತ್ರಿ ಮಲ್ಲಿಗೆ ಮೊಗ್ಗು ಅಂದುಕೊಂಡಾನು.

ಕೊನೆಯದು, ನನಗೆ ನಿಜಕ್ಕೂ ಬಗೆಹರಿಯದ್ದು. ಸರಿಯಾದ ಪೆಡಲಿಗೆ ಏನನ್ನೋಣ? ‘ಗಟ್ಟಿ’ ಅಂದರೆ ಇನ್ನೊಂದು ರೋಗದ ಹೆಸರೂ ಅದೇ. ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಇರುವ ಗಾಡಿಯಲ್ಲಿ ಅದು ಕೆಟ್ಟರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ‘ಬಿಗಿ’ ಅಂದರೆ ಬ್ರೇಕ್ ಕಚ್ಚಿಕೊಂಡ ಹಾಗೆ. ಸಂಜೆ ಭಾವ ಜೀಪನ್ನು ಗೇಟಿನ ತನಕ ಓಡಿಸಿ ಬಂದು ಇಳಿಯುತ್ತಾ ಅಂದದ್ದು, ‘ಈಗ ಕಾಲಿಗೆ ಸಿಗ್ತದೆ.’ ‘ಕಾಲಿಗೆ ಸಿಗುವ ಪೆಡಲ್’ ಅಂತ ಬರೆದರೆ ಹುಬ್ಬಳ್ಳಿಯವರಿಗೂ ಮಂಗಳೂರಿನವರಿಗೂ ತಿಳಿಯುತ್ತದಾ? ನಿಮ್ಮ ಕಡೆ ಏನು ಹೇಳುತ್ತಾರೆ, ಬರೆಯಿರಿ.