ಓದುಗರ ಸ್ಪಂದನ: ರಾಜ್ಯೋತ್ಸವದ ಬಾಗಿಲಲ್ಲಿ ಪಾಪಿ ಹೂ ಇಡಬಹುದೇ?

ಕಳೆದ ಬಾರಿಯ ಸಮಸ್ಯೆ: ಬೆಲ್‌ಫಾಸ್ಟ್‌ನ ಕನ್ನಡ ಕುಟುಂಬಗಳು ಸೇರಿ ನವೆಂಬರ್ ಎರಡನೇ ಭಾನುವಾರ ರಾಜ್ಯೋತ್ಸವ ಇಟ್ಟುಕೊಂಡಿದ್ದೇವೆ. ಐರ್ಲೆಂಡ್ ಗಣರಾಜ್ಯದ ಡಬ್ಲಿನ್‌ನಿಂದಲೂ, ನಮ್ಮ ಉತ್ತರ ಐರ್ಲೆಂಡಿನದೇ ಡೆರಿಯಿಂದಲೂ ಜನ ಬರುತ್ತಾರೆ. ಬ್ರಿಟನ್ನಿನಲ್ಲಿ, ಅದರ ಆಡಳಿತದಲ್ಲಿರುವ ಉತ್ತರ ಐರ್ಲೆಂಡಿನಲ್ಲೂ, ಅದು ಯುದ್ಧಸ್ಮರಣೆಯ ಭಾನುವಾರ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ನೆನಪಿಗೆ ಬಾಗಿಲಲ್ಲೇ ಎಲ್ಲರಿಗೂ ಕೆಂಪು ಪಾಪಿ ಚುಚ್ಚಿ, ಎರಡು ನಿಮಿಷ ಮೌನ ಆಚರಿಸೋಣ ಎಂದು ಲಂಡನ್ನಿನಿಂದ ಬಂದ ಗೆಳೆಯರೊಬ್ಬರ ಸಲಹೆ. ‘ಹಾಗಾದರೆ ನಾವು ಬರೋದಿಲ್ಲ’ ಅಂತ ಡಬ್ಲಿನ್‌ನವರು. ಸತ್ತವರನ್ನು ನೆನೆಯುವ ಹೂವಿಗೂ ಇಷ್ಟು ಜಗಳವೇ? ಸಮಿತಿಯ ಕಾರ್ಯದರ್ಶಿ ನಾನೇ. ಏನು ಮಾಡಲಿ?

ಡೆರಿಯ ಓದುಗರು:

ಜಗಳ ಹೂವಿನ ಹಣ ಯಾರಿಗೆ ಸೇರುತ್ತದೆ ಎಂಬುದರ ಮೇಲೆ. ಸೈನಿಕರ ನೆರವಿನ ಸಂಸ್ಥೆಯಾದ ರಾಯಲ್ ಬ್ರಿಟಿಷ್ ಲೀಜನ್ 1921ರಿಂದ ಈ ಪಾಪಿಯನ್ನು ಮಾರುತ್ತಿದೆ. ಆ ಹಣ ಬ್ರಿಟಿಷ್ ಸೇನೆಯ ಹಾಲಿ, ಮಾಜಿ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗೆ. ಮಹಾಯುದ್ಧಗಳಲ್ಲಿ ಹೋರಾಡಿದವರಿಗಷ್ಟೇ ಅಲ್ಲ, ನಂತರದ ಎಲ್ಲ ಕಾರ್ಯಾಚರಣೆಗಳವರಿಗೂ. 1969ರಿಂದ 2007ರವರೆಗೆ ಉತ್ತರ ಐರ್ಲೆಂಡಿನ ಬೀದಿಗಳಲ್ಲಿದ್ದ ಸೈನಿಕರೂ ಅದರಲ್ಲಿ ಬಂದರು. 1972ರ ಜನವರಿ 30ರಂದು ಡೆರಿಯಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಸೇನೆಯ ಪ್ಯಾರಾಚೂಟ್ ರೆಜಿಮೆಂಟ್ ಗುಂಡು ಹಾರಿಸಿ 13 ಮಂದಿ ಅಂದೇ ಸತ್ತರು. ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಸತ್ತವರ ತಪ್ಪಿರಲಿಲ್ಲ ಎಂದು ಬ್ರಿಟಿಷ್ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2010ರಲ್ಲಿ, ಅಂದರೆ 38 ವರ್ಷಗಳ ನಂತರ. ಈ ಊರಿನ ಫುಟ್‌ಬಾಲ್ ಆಟಗಾರ ಜೇಮ್ಸ್ ಮೆಕ್ಲೀನ್ 2012ರಿಂದ ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಪಾಪಿ ಇರುವ ಜೆರ್ಸಿ ತೊಡಲು ಒಪ್ಪದೇ ಇದ್ದದ್ದು ಇದಕ್ಕೇ. ಎರಡು ಮಹಾಯುದ್ಧಗಳಲ್ಲಿ ಮಡಿದವರಿಗಾಗಿ ಮಾತ್ರ ಆಗಿದ್ದರೆ ತೊಡುತ್ತಿದ್ದೆ ಎಂದು 2014ರಲ್ಲಿ ತಮ್ಮ ಕ್ಲಬ್ಬಿನ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅವರು ಸ್ಪಷ್ಟವಾಗಿಯೇ ಹೇಳಿದರು.

ಡಬ್ಲಿನ್‌ನ ನಿಮ್ಮ ಗೆಳೆಯರಿಗೂ ಒಂದು ತಾರೀಖು ಹೇಳಿ: 1987ರ ನವೆಂಬರ್ 8. ಉತ್ತರ ಐರ್ಲೆಂಡಿನ ಎನಿಸ್ಕಿಲನ್ ಪಟ್ಟಣದ ಯುದ್ಧಸ್ಮಾರಕದ ಬಳಿ ಇಂಥದ್ದೇ ಭಾನುವಾರ ಸೇರಿದ್ದ ಜನರ ನಡುವೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಸಶಸ್ತ್ರ ಗುಂಪಾದ ಐಆರ್‌ಎಯ ಬಾಂಬ್ ಸಿಡಿದು 11 ಮಂದಿ ಸತ್ತರು. ಪ್ರಜ್ಞೆ ಕಳೆದುಕೊಂಡ ಇನ್ನೊಬ್ಬರು ಹದಿಮೂರು ವರ್ಷ ಹಾಸಿಗೆಯಲ್ಲೇ ಇದ್ದು ತೀರಿಕೊಂಡರು. ಅಲ್ಲಿನವರ ಎದೆಯ ಮೇಲಿನ ಪಾಪಿಯಲ್ಲಿ ಆ ದಿನವೂ ಇದೆ. ‘ಅದು ಸಾಮ್ರಾಜ್ಯದ ಗುರುತು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಬೆಲ್‌ಫಾಸ್ಟ್‌ನಲ್ಲಿ ಸಿಬ್ಬಂದಿ ವಿಭಾಗದ ಕೆಲಸ ಬಲ್ಲ ಓದುಗರು:

ಧರಿಸುವುದು ಬೇರೆ, ಹಂಚುವುದು ಬೇರೆ. ಇದೊಂದು ಗೆರೆ ಹಾಕಿಕೊಂಡರೆ ನಿಮ್ಮ ಸಮಸ್ಯೆ ಮುಕ್ಕಾಲು ಭಾಗ ಮುಗಿಯಿತು.

ಉತ್ತರ ಐರ್ಲೆಂಡಿನ 1998ರ ನ್ಯಾಯಯುತ ಉದ್ಯೋಗ ಕಾಯ್ದೆಯ ಅಡಿಯಲ್ಲಿ, ಧರ್ಮ ಮತ್ತು ರಾಜಕೀಯ ನಿಲುವಿನ ಕಾರಣಕ್ಕೆ ಯಾರಿಗೂ ಇರಿಸುಮುರಿಸಾಗದ ವಾತಾವರಣವನ್ನು ಕಾಪಾಡುವ ಹೊಣೆ ಕೆಲಸ ಕೊಟ್ಟವರದು. ಪಾಪಿಯನ್ನು ಗೌರವದಿಂದ, ಅದರ ಕಾಲದಲ್ಲಿ, ಅಂದರೆ ಅಕ್ಟೋಬರ್ ಕೊನೆಯಿಂದ ಸ್ಮರಣೆಯ ದಿನಗಳು ಮುಗಿಯುವವರೆಗೆ ಧರಿಸಿದರೆ ಇಲ್ಲಿನ ಸಮಾನತಾ ಆಯೋಗ ಆಕ್ಷೇಪಿಸುವುದಿಲ್ಲ. ಜನವರಿಯವರೆಗೂ ಮೇಜಿನ ಮೇಲೆ ನಿಲ್ಲಿಸಿಟ್ಟರೆ, ‘ನೀನ್ಯಾಕೆ ಹಾಕಿಲ್ಲ?’ ಎಂದು ಸಹೋದ್ಯೋಗಿಯನ್ನು ಕೇಳಿದರೆ ಮಾತು ಬೇರೆಯಾಗುತ್ತದೆ. ನಿಮ್ಮದು ಕಚೇರಿಯಲ್ಲ, ನಿಜ. ಆದರೂ ಇದೇ ಅಳತೆ ಇಟ್ಟುಕೊಳ್ಳಿ. ಹಾಕಿಕೊಂಡು ಬಂದವರನ್ನು ತೆಗೆಯಿರಿ ಎನ್ನಬೇಡಿ. ಹಾಕದವರನ್ನು ಕೇಳಬೇಡಿ. ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲುವುದು ಮಾತ್ರ ಬೇಡ. ಕುಂಕುಮದ ಬಟ್ಟಲಿನ ಪಕ್ಕ ಪಾಪಿಯ ಪೆಟ್ಟಿಗೆ ಇಟ್ಟರೆ ಬೇಡ ಎನ್ನುವವರು ಎಲ್ಲರೆದುರು ಬೇಡ ಎನ್ನಬೇಕಾಗುತ್ತದೆ. ಈ ಊರಲ್ಲಿ ಅಷ್ಟರಿಂದಲೇ ಅವರು ಬ್ರಿಟನ್ ಕಡೆಯವರೋ ಐರ್ಲೆಂಡ್ ಕಡೆಯವರೋ ಎಂದು ಲೆಕ್ಕ ಹಾಕಿಬಿಡುತ್ತಾರೆ.

ಲೀಜನ್ ಹೆಸರಿನಲ್ಲಿ ಸ್ವಂತ ಡಬ್ಬಿ ಇಟ್ಟು ಹಣ ಎತ್ತುವುದೂ ಬೇಡ. ಆ ಕೆಲಸಕ್ಕೆ ಅವರದೇ ಸ್ವಯಂಸೇವಕರಿದ್ದಾರೆ. ಸಭಾಂಗಣದ ಬಾಡಿಗೆ ಪತ್ರದಲ್ಲಿ ಬಾವುಟ, ಲಾಂಛನ, ದೇಣಿಗೆಗಳ ಬಗ್ಗೆ ಷರತ್ತು ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಓದಿ.

ಸಮಯದ ಮಾತು. ಅಂದು ಬೆಳಿಗ್ಗೆ 11ಕ್ಕೆ ಸಿಟಿ ಹಾಲ್ ಆವರಣದ ಸ್ಮಾರಕದ ಬಳಿ ಅಧಿಕೃತ ಕಾರ್ಯಕ್ರಮ. ನಗರದ ನಡುವೆ ವಾಹನ ಓಡಿಸುವುದು ಕಷ್ಟ. ಮಧ್ಯಾಹ್ನ 2ರ ನಂತರ ಶುರುಮಾಡಿ. ಎರಡು ನಿಮಿಷದ ಮೌನ ಆ 11 ಗಂಟೆಗೆ ಸೇರಿದ್ದು. 1918ರ ನವೆಂಬರ್ 11ರ ಬೆಳಿಗ್ಗೆ 11ಕ್ಕೆ ಮೊದಲ ಮಹಾಯುದ್ಧದ ತೋಪುಗಳು ನಿಂತ ಗಳಿಗೆ ಅದು. ಸಂಜೆ ನಾಲ್ಕಕ್ಕೆ ಡೊಳ್ಳು ಕುಣಿತಕ್ಕೂ ಬಿಸಿಬೇಳೆಬಾತಿಗೂ ನಡುವೆ ಆಚರಿಸಿದರೆ ಎರಡು ಪಕ್ಷದವರಿಗೂ ಅರೆಮನಸ್ಸಿನದು ಎನಿಸೀತು.

ನೀವು ಕೇಳದ ಇನ್ನೊಂದು ಸಂಗತಿ: ಅಲಂಕಾರ. ಕೇಸರಿ, ಬಿಳಿ, ಹಸಿರು ಬಟ್ಟೆಯನ್ನು ಉದ್ದಕ್ಕೆ ಇಳಿಬಿಟ್ಟರೆ, ನಡುವೆ ಚಕ್ರವಿಲ್ಲದಿದ್ದರೆ, ದೂರದಿಂದ ನೋಡುವವರಿಗೆ ಅದು ಐರ್ಲೆಂಡಿನ ಬಾವುಟ. ಅವರದು ಹಸಿರು, ಬಿಳಿ, ಕಿತ್ತಳೆ. ಕಂಬಕಂಬಕ್ಕೂ ಯೂನಿಯನ್ ಜ್ಯಾಕ್ ಕಟ್ಟಿರುವ ಬಡಾವಣೆಯಲ್ಲಿ ನಿಮ್ಮ ಸಭಾಂಗಣವಿದ್ದರೆ ಹೊರಗೆ ಹಳದಿ-ಕೆಂಪು ಮಾತ್ರ ಕಟ್ಟಿ. ತ್ರಿವರ್ಣ ಒಳಗಿರಲಿ, ಅಡ್ಡಕ್ಕಿರಲಿ, ಚಕ್ರ ಕಾಣುವಂತಿರಲಿ. ಮಕ್ಕಳ ಬಲೂನಿಗೂ ಇದೇ ಮಾತು.

ಡಬ್ಲಿನ್‌ನ ಓದುಗರು:

ಪಾಪಿ ಬೇಡ ಎನ್ನುವ ನಮ್ಮ ಕಡೆಯವರಿಗೂ ಸ್ವಲ್ಪ ಇತಿಹಾಸ ಗೊತ್ತಿರುವುದು ಒಳ್ಳೆಯದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಮವಸ್ತ್ರ ತೊಟ್ಟ ಐರಿಷ್ ಜನ ಸುಮಾರು ಎರಡು ಲಕ್ಷ. 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್‌ನಲ್ಲಿ ನಡೆದ ಈಸ್ಟರ್ ದಂಗೆಯ ನಂತರ ದೇಶದ ಮನಸ್ಸೇ ತಿರುಗಿದಾಗ, ಹಿಂತಿರುಗಿ ಬಂದವರ ಬಗ್ಗೆ ಊರು ಮಾತಾಡುವುದನ್ನೇ ಬಿಟ್ಟಿತು. ಅವರಿಗಾಗಿ ಡಬ್ಲಿನ್‌ನ ಐಲೆಂಡ್‌ಬ್ರಿಜ್‌ನಲ್ಲಿ ಸ್ಮಾರಕ ಉದ್ಯಾನವಿದೆ. ಅದರ ವಿನ್ಯಾಸ ದೆಹಲಿಯ ಇಂಡಿಯಾ ಗೇಟ್ ಮತ್ತು ಲಂಡನ್ನಿನ ಯುದ್ಧಸ್ಮಾರಕ ಸೆನೊಟಾಫ್ ವಿನ್ಯಾಸಗೊಳಿಸಿದ ಲಟ್ಯನ್ಸ್‌ರದೇ. 2011ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಣಿ ಬಂದಾಗ ಮೊದಲ ದಿನ ಪಾರ್ನೆಲ್ ಚೌಕದ ಸ್ಮರಣೋದ್ಯಾನದಲ್ಲಿ, ಅಂದರೆ ಬ್ರಿಟನ್ ವಿರುದ್ಧ ಹೋರಾಡಿ ಸತ್ತವರ ಸ್ಮಾರಕದಲ್ಲಿ, ಪುಷ್ಪಚಕ್ರ ಇಟ್ಟು ತಲೆಬಾಗಿದರು. ಐಲೆಂಡ್‌ಬ್ರಿಜ್‌ಗೆ ಹೋದದ್ದು ಮರುದಿನ. ಆ ಕ್ರಮ ಬಹಳ ಯೋಚಿಸಿ ಇಟ್ಟದ್ದು. ಕಾರ್ಯಕ್ರಮ ಹೆಣೆಯುವವರು ಗಮನಿಸಬೇಕು.

ನಡುದಾರಿಯಾಗಿ ಶ್ಯಾಮ್ರಾಕ್ ಪಾಪಿ ಎಂಬುದೊಂದಿದೆ: ಕೆಂಪು ಹೂವಿನ ಜೊತೆ ಐರ್ಲೆಂಡಿನ ಮೂರೆಲೆಯ ಶ್ಯಾಮ್ರಾಕ್. 2017ರ ನವೆಂಬರ್‌ನಲ್ಲಿ ಪ್ರಧಾನಿ ಲಿಯೋ ವರಾದ್ಕರ್ ಅದನ್ನು ಧರಿಸಿ ಐರಿಷ್ ಸಂಸತ್ತಿಗೆ ಬಂದರು. ಮೆಚ್ಚಿದವರೂ ಉಂಟು, ಬೈದವರೂ ಉಂಟು. ಅದನ್ನೂ ಲೀಜನ್ನಿನವರೇ ಹೊರತಂದದ್ದು. ಹಾಗಾಗಿ ಡೆರಿಯ ಓದುಗರು ಹೇಳಿದ ತಕರಾರು ಪೂರ್ತಿ ಹೋಗುವುದಿಲ್ಲ. ಬಿಳಿ ಪಾಪಿಯಿಂದಲೂ ಸಂಧಾನ ಆಗದು. 1933ರಲ್ಲಿ ಬ್ರಿಟನ್ನಿನ ಸಹಕಾರಿ ಮಹಿಳಾ ಸಂಘ ಅದನ್ನು ಶುರುಮಾಡಿದ್ದು ಯುದ್ಧವೇ ಬೇಡವೆಂದು. ಕೆಂಪು ಪಾಪಿಯವರಲ್ಲಿ ಹಲವರಿಗೆ ಅದು ಚುಚ್ಚುಮಾತು.

ಈಸ್ಟರ್ ಲಿಲಿಯ ಹೆಸರೂ ಈ ಜಗಳದಲ್ಲಿ ಬಂದೇ ಬರುತ್ತದೆ. 1916ರಲ್ಲಿ ಸತ್ತವರ ನೆನಪಿಗೆ 1926ರಲ್ಲಿ ಕುಮನ್ ನ ಮಾನ್ ಎಂಬ ಗಣರಾಜ್ಯವಾದಿ ಮಹಿಳಾ ಸಂಘಟನೆ ಅದನ್ನು ತಂದಿತು. ಧರಿಸುವುದು ಈಸ್ಟರ್‌ಗೆ, ನವೆಂಬರ್‌ಗಲ್ಲ. ‘ಅವರು ಪಾಪಿ ಇಟ್ಟರೆ ನಾವು ಲಿಲಿ ಇಡುತ್ತೇವೆ’ ಎಂದು ಯಾರಾದರೂ ಹಟ ಹಿಡಿದರೆ ಕಾಲ ತಪ್ಪಿದೆ ಎಂದು ಹೇಳಿಬಿಡಿ. ಆ ಹೂವಿನ ಒಳಜಗಳವೂ ಕಡಿಮೆಯದಲ್ಲ. ಐಆರ್‌ಎ ಒಡೆದ ಮೇಲೆ ಒಂದು ಬಣ ಅಂಟು ಹಚ್ಚಿದ ಲಿಲಿ ಮಾರಿತು, ಇನ್ನೊಂದು ಗುಂಡುಸೂಜಿಯದ್ದನ್ನೇ ಉಳಿಸಿಕೊಂಡಿತು. ಅಂಟಿನವರಿಗೆ ‘ಸ್ಟಿಕೀಸ್’ ಎಂಬ ಅಡ್ಡಹೆಸರು ಇವತ್ತಿಗೂ ಹೋಗಿಲ್ಲ!

ನನ್ನ ಸಲಹೆ ಲಾರೆಲ್ ಎಲೆಯ ಹಸಿರು ಚಕ್ರ, ಹೂವಿಲ್ಲದ್ದು. ಇದಕ್ಕೆ ದಾರಿ ಸವೆದಿದೆ. 2002ರ ಜುಲೈ 1ರಂದು ಬೆಲ್‌ಫಾಸ್ಟ್ ಮೇಯರ್ ಆಗಿದ್ದ, ಐರ್ಲೆಂಡ್ ಒಂದಾಗಬೇಕೆನ್ನುವ ಶಿನ್ ಫೇನ್ ಪಕ್ಷದ ಅಲೆಕ್ಸ್ ಮಾಸ್ಕಿ ಯುದ್ಧಸ್ಮಾರಕದಲ್ಲಿ ಲಾರೆಲ್ ಚಕ್ರ ಇಟ್ಟರು. 2012ರಲ್ಲಿ ಎನಿಸ್ಕಿಲನ್‌ನಲ್ಲಿ ಐರಿಷ್ ಪ್ರಧಾನಿ ಎಂಡಾ ಕೆನಿ, 2024ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಶಿನ್ ಫೇನ್‌ನವರೇ ಆದ ಉತ್ತರ ಐರ್ಲೆಂಡಿನ ಪ್ರಥಮ ಸಚಿವೆ ಮಿಶೆಲ್ ಓ’ನೀಲ್ ಕೂಡ ಅದನ್ನೇ ಇಟ್ಟರು. ಇವರಿಬ್ಬರೂ ಪಾಪಿ ಧರಿಸಿದವರ ಪಕ್ಕದಲ್ಲೇ ನಿಂತು ಇಟ್ಟರು.

ಬೆಂಗಳೂರಿನ ಓದುಗರು:

ಡಬ್ಲಿನ್‌ನವರ ಲಾರೆಲ್ ಸಲಹೆ ಸರಿ, ಆದರೆ ಮೈಸೂರು ಲ್ಯಾನ್ಸರ್ಸ್‌ಗೆ ನವೆಂಬರ್ ಯಾಕೆ? ಪಾಪಿ ಬೆಲ್ಜಿಯಂ ಕಡೆಯ ಫ್ಲ್ಯಾಂಡರ್ಸ್‌ನ ಹೊಲದ ಹೂ, ಪಶ್ಚಿಮ ರಣಾಂಗಣದ್ದು. ನಮ್ಮವರ ಹೆಸರು ನಿಂತದ್ದು ಪ್ಯಾಲೆಸ್ತೀನಿನಲ್ಲಿ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧ್‌ಪುರದ ಕುದುರೆ ಸವಾರರು ಈಟಿ, ಕತ್ತಿ ಹಿಡಿದು ಮೆಷಿನ್ ಗನ್ನುಗಳ ಎದುರು ನುಗ್ಗಿ ಒಟ್ಟೊಮನ್ ತುರ್ಕರಿಂದ ಹೈಫಾ ಪಟ್ಟಣ ಗೆದ್ದರು. ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನದ ಪಡೆ, ಸಾಮ್ರಾಜ್ಯದ ಸೇವೆಗೆ ಕಳುಹಿಸಿದ್ದು. ಭಾರತೀಯ ಸೇನೆ ಹೈಫಾ ದಿನವನ್ನು ಆಚರಿಸುವುದು ಸೆಪ್ಟೆಂಬರ್ 23ರಂದೇ. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತ ಮೂವರಲ್ಲಿ ಒಬ್ಬ ಮೈಸೂರಿನವ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕವಿದೆ.

ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ನೆನಪಿಗೆ ಲೀಜನ್ 2018ರಲ್ಲಿ ಖಾದಿ ಪಾಪಿಯನ್ನೂ ತಂದಿತ್ತು. ಲಂಡನ್ನಿನ ಗೆಳೆಯರಿಗೆ ಅದು ಬೇಕೆನಿಸಿದರೆ ಅವರ ಎದೆಯ ಮೇಲಿರಲಿ. ಬಟ್ಟೆ ಖಾದಿಯಾದ ಮಾತ್ರಕ್ಕೆ ಹಣದ ಪ್ರಶ್ನೆ ಬದಲಾಗುವುದಿಲ್ಲ.

ನವೆಂಬರ್‌ನಲ್ಲಿ ಮಾಡಲೇಬೇಕೆಂದಿದ್ದರೆ ಒಳಗಡೆ ಒಂದು ಫಲಕ ನಿಲ್ಲಿಸಿ. ಸವಾರರ ಚಿತ್ರ, ಹೈಫಾದ ನಕ್ಷೆ, ತಾರೀಖು, ಹತ್ತು ಸಾಲು ಕನ್ನಡ, ಹತ್ತು ಸಾಲು ಇಂಗ್ಲಿಷ್ ಸಾಕು. ಮುಂದೆ ದೀಪ, ಪಕ್ಕದಲ್ಲಿ ಲಾರೆಲ್. ಯಾವ ದೇಶದ ಬಾವುಟವೂ ಅದರ ಮೇಲೆ ಬೇಡ. ‘ವೀರ’, ‘ಬಲಿದಾನ’ ಎಂಬ ಮಾತುಗಳನ್ನು ಇಂಗ್ಲಿಷ್ ಸಾಲುಗಳಿಂದ ತೆಗೆದು ಏನಾಯಿತು, ಎಲ್ಲಿ, ಯಾರ ವಿರುದ್ಧ ಎಂಬುದನ್ನಷ್ಟೇ ಬರೆಯಿರಿ. ಅಚ್ಚಿಗೆ ಕೊಡುವ ಮೊದಲು ಲಂಡನ್ನಿನವರಿಗೂ ಡಬ್ಲಿನ್‌ನವರಿಗೂ ಒಂದೇ ಕರಡು ಒಂದೇ ಹೊತ್ತಿಗೆ ಕಳುಹಿಸಿ.