ಒಂದೇ ಸರಕಿನ ರಫ್ತನ್ನು ನಂಬಿದ ದೇಶಕ್ಕೆ ಸುಸ್ಥಿರ ಕೃಷಿ ದಾರಿಯಾದೀತೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ; ಒಂದು ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ತೈಲವನ್ನೋ ತಾಮ್ರವನ್ನೋ ನೆಚ್ಚಿಕೊಂಡ ಅಭಿವೃದ್ಧಿಶೀಲ ದೇಶಗಳು ಸುಸ್ಥಿರ ಕೃಷಿಯ ಮೂಲಕ ತಮ್ಮ ಆದಾಯದ ಮೂಲಗಳನ್ನು ಹೆಚ್ಚಿಸಿಕೊಳ್ಳಬೇಕು ಎಂಬ ಸಲಹೆ ನಾನು ಓದಿದ ಹೆಚ್ಚಿನ ವರದಿಗಳಲ್ಲಿದೆ. ಆದರೆ ತಾಮ್ರದ ಜಾಗದಲ್ಲಿ ಕಾಫಿಯನ್ನು ತಂದು ಕೂರಿಸಿದರೆ ಒಂದು ಕಚ್ಚಾ ಸರಕು ಹೋಗಿ ಇನ್ನೊಂದು ಬಂದಂತಾಯಿತೇ ಹೊರತು ಆರ್ಥಿಕತೆ ವೈವಿಧ್ಯಮಯವಾಯಿತು ಎಂದು ಹೇಗೆ ಹೇಳುವುದು? ಜೊತೆಗೆ, 'ಸುಸ್ಥಿರ' ಎಂಬ ವಿಶೇಷಣಕ್ಕೆ ಇಲ್ಲಿ ನಿಜವಾದ ಕೆಲಸವೇನಾದರೂ ಇದೆಯೇ, ಅಥವಾ ಅದು ಬರೀ ಅಲಂಕಾರವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಿಮ್ಮ ಮೊದಲ ಸಂದೇಹ ಸರಿಯಾಗಿಯೇ ಇದೆ. ವಿಯೆಟ್ನಾಂ 1986ರ ಆರ್ಥಿಕ ಸುಧಾರಣೆಗಳ ನಂತರ ಕಾಫಿ ತೋಟಗಳನ್ನು ಎಷ್ಟು ವೇಗವಾಗಿ ವಿಸ್ತರಿಸಿತೆಂದರೆ, ಹದಿನೈದು ವರ್ಷ ಕಳೆಯುವಷ್ಟರಲ್ಲಿ ಬ್ರೆಜಿಲ್ ಬಿಟ್ಟರೆ ಅದೇ ಎಂಬ ಸ್ಥಿತಿ ಬಂತು. ಅತ್ತ ರಫ್ತಿನ ಪಾಲನ್ನು ನಿಗದಿ ಮಾಡುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ವ್ಯವಸ್ಥೆ 1989ರಲ್ಲೇ ಕುಸಿದಿತ್ತು. ಮಾರುಕಟ್ಟೆಗೆ ಕಾಫಿ ಹರಿದು ಬಂದು 2001ರ ಹೊತ್ತಿಗೆ ಬೆಲೆ ನೆಲಕಚ್ಚಿತು. ಪೆಟ್ಟು ಬಿದ್ದದ್ದು ಎಲ್ಲ ದೇಶಗಳ ಸಣ್ಣ ಬೆಳೆಗಾರರಿಗೆ.

ಆದರೂ ಇದೇ ವಿಯೆಟ್ನಾಂ ಗೋಡಂಬಿಯ ವಿಷಯದಲ್ಲಿ ಕಲಿಸುವ ಪಾಠ ಬೇರೆ. ಅದು ಜಗತ್ತಿನ ಅತಿ ದೊಡ್ಡ ಗೋಡಂಬಿ ತಿರುಳಿನ ರಫ್ತುದಾರ. ಆದರೆ ಅಲ್ಲಿ ಸುಲಿಯುವ ಬೀಜದ ಬಹುಪಾಲು ಪಶ್ಚಿಮ ಆಫ್ರಿಕಾದಿಂದಲೂ ಕಾಂಬೋಡಿಯಾದಿಂದಲೂ ಆಮದಾಗುತ್ತದೆ. ಅಂದರೆ ಮರವಿರುವುದು ಒಂದು ದೇಶದಲ್ಲಿ, ಬೀಜ ಒಡೆದು, ಪೊರೆ ತೆಗೆದು, ದರ್ಜೆವಾರು ವಿಂಗಡಿಸುವ ಕಾರ್ಖಾನೆಯಿರುವುದು ಇನ್ನೊಂದು ದೇಶದಲ್ಲಿ. ಆರ್ಥಿಕತೆ ಕವಲೊಡೆಯುವುದು ಹೊಲಕ್ಕೂ ಬಂದರಿಗೂ ನಡುವಿನ ಈ ಕೆಲಸಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಬೆಳೆಗಳ ಪಟ್ಟಿ ಎಷ್ಟು ಉದ್ದವಿದೆ ಎಂಬುದನ್ನಷ್ಟೇ ನೋಡಿ ತೀರ್ಮಾನಿಸಬೇಡಿ.

ಇನ್ನೊಂದು ಮಾತು. ತೈಲ ಸಿಗುವುದಕ್ಕೆ ಮೊದಲು ನೈಜೀರಿಯಾದ ಕಾನೋ ನಗರದಲ್ಲಿ ಶೇಂಗಾ ಮೂಟೆಗಳನ್ನು ಪಿರಮಿಡ್ಡಿನಂತೆ ಒಟ್ಟುತ್ತಿದ್ದರು. ತೈಲದ ಹಣ ಹರಿಯತೊಡಗಿದ ಮೇಲೆ ಆ ರಾಶಿಗಳು ಕಾಣೆಯಾದವು. ಬರ ಮತ್ತು ಬೆಳೆರೋಗಗಳ ಪಾತ್ರವೂ ಅದರಲ್ಲಿತ್ತು, ನಿಜ. ಆದರೆ ತೈಲದಿಂದ ವಿದೇಶಿ ಹಣ ಬಂದಾಗ ದೇಶದ ನಾಣ್ಯದ ಮೌಲ್ಯ ಏರಿ, ರೈತನ ಸರಕು ಹೊರಗಿನ ಪೇಟೆಯಲ್ಲಿ ದುಬಾರಿಯಾಗುತ್ತದೆ, ಆಮದಾದ ಆಹಾರ ಒಳಗೆ ಅಗ್ಗವಾಗುತ್ತದೆ. 1959ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನೈಸರ್ಗಿಕ ಅನಿಲ ಸಿಕ್ಕ ನಂತರ ಅಲ್ಲಿನ ಕೈಗಾರಿಕೆಗಳಿಗೆ ಆದದ್ದೂ ಇದೇ. ಆದ್ದರಿಂದ ಇದಕ್ಕೆ 'ಡಚ್ ರೋಗ' ಎಂಬ ಹೆಸರು ಬಂತು. ವಿನಿಮಯ ದರದ ಪ್ರಶ್ನೆಯನ್ನು ಬದಿಗಿಟ್ಟು ಕೃಷಿ ನೀತಿಯೊಂದನ್ನೇ ಬರೆದರೆ ನಿಮ್ಮ ಪ್ರಬಂಧ ಅರ್ಧಕ್ಕೆ ನಿಂತೀತು.

ಎರಡನೆಯ ಉತ್ತರ

ನಾನು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಾದ್ದರಿಂದ, ಮೇಲಿನವರು ಹೇಳಿದ 'ನಡುವಿನ ಕೆಲಸ' ಹೇಗಿರುತ್ತದೆ ಎಂಬುದನ್ನು ಶೇಂಗಾದ ಮೂಲಕವೇ ವಿವರಿಸುತ್ತೇನೆ. ಕಿತ್ತ ಕಾಯಿ ಸರಿಯಾಗಿ ಒಣಗದೆ ಚೀಲ ಸೇರಿದರೆ ಅದರಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ನೇರವಾಗಿ ತಿನ್ನುವ ಶೇಂಗಾದಲ್ಲಿ ಅಫ್ಲಾಟಾಕ್ಸಿನ್‌ಗಳ ಒಟ್ಟು ಪ್ರಮಾಣ ಕಿಲೋಗೆ 4 ಮೈಕ್ರೋಗ್ರಾಂ ದಾಟಬಾರದೆಂದು ಯುರೋಪಿಯನ್ ಒಕ್ಕೂಟ ಮಿತಿ ವಿಧಿಸಿದೆ. ವಿಷ ಎಲ್ಲ ಕಾಳಿನಲ್ಲೂ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ವಿಪರೀತವಾಗಿದ್ದು ಉಳಿದವು ಶುದ್ಧವಾಗಿರುತ್ತವೆ. ಹಾಗಾಗಿ ಒಂದು ಮುಷ್ಟಿ ತೆಗೆದು ಪರೀಕ್ಷಿಸಿ ಫಲವಿಲ್ಲ. ಚೀಲ ಚೀಲದಿಂದಲೂ ಸ್ವಲ್ಪಸ್ವಲ್ಪ ತೆಗೆದು, ಎಲ್ಲವನ್ನೂ ಅರೆದು, ಬೆರೆಸಿ ನೋಡಬೇಕು. ತಮ್ಮಲ್ಲಿ ನಂಬಿಕಸ್ಥ ಪ್ರಯೋಗಾಲಯವೇ ಇಲ್ಲದ ದೇಶಗಳ ಸರಕು ಬಂದರಿನಿಂದ ವಾಪಸಾಗುವುದು ಇಲ್ಲಿಯೇ.

'ಸುಸ್ಥಿರ' ಎಂಬ ಪದಕ್ಕೆ ಏನು ಕೆಲಸ ಎಂದು ಕೇಳಿದ್ದೀರಿ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಣ್ಣು ಒಣಗಿ ಗಿಡ ಬಾಡಿದರೆ ಈ ಶಿಲೀಂಧ್ರ ಹೊಲದಲ್ಲೇ ಕಾಯಿಯೊಳಗೆ ಸೇರುತ್ತದೆ. ಸಾವಯವ ಅಂಶ ಹೆಚ್ಚಿರುವ, ಮೇಲೆ ಹೊದಿಕೆಯಿರುವ ಮಣ್ಣು ಹೆಚ್ಚು ದಿನ ತೇವ ಹಿಡಿದಿಡುತ್ತದೆ. ಅಂದರೆ ಮಣ್ಣಿನ ಆರೈಕೆಯ ಫಲ ರಫ್ತಿನ ಪರೀಕ್ಷಾ ವರದಿಯಲ್ಲಿ ಅಂಕಿಯಾಗಿ ಕಾಣಿಸಿಕೊಳ್ಳುತ್ತದೆ. ಇನ್ನು ಒಣಗಿಸುವ ವಿಷಯ: ಕಾಯನ್ನು ಬರಿನೆಲದ ಬದಲು ಟಾರ್ಪಾಲಿನ ಮೇಲೆ ಹರವಿ, ಕಿವಿಯ ಬಳಿ ಅಲ್ಲಾಡಿಸಿದಾಗ ಕಾಳು ಗಲಗಲ ಎನ್ನುವವರೆಗೆ ಒಣಗಿಸಿ, ಗಾಳಿಯಾಡುವ ಗೋಣಿಚೀಲದಲ್ಲಿ ತುಂಬಬೇಕು. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ.

ಮೂರನೆಯ ಉತ್ತರ

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ. ಆದರೆ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿ, ದೇಶವಿಡೀ ಸಾವಯವವಾಗಬೇಕೆಂದು ಹೊರಟಿತು. ವಿದೇಶಿ ವಿನಿಮಯ ಉಳಿಸುವ ಲೆಕ್ಕಾಚಾರವೂ ಅದರ ಹಿಂದಿತ್ತು. ಬದಲಿ ಗೊಬ್ಬರ ಸಾಕಷ್ಟು ಇರಲಿಲ್ಲ. ಭತ್ತದ ಇಳುವರಿ ಬಿದ್ದು ಅಕ್ಕಿ ಆಮದು ಮಾಡಿಕೊಳ್ಳಬೇಕಾಯಿತು, ರಫ್ತಿನ ಮುಖ್ಯ ಬೆಳೆಯಾದ ಚಹಾಕ್ಕೂ ಪೆಟ್ಟು ಬಿತ್ತು, ವರ್ಷ ಮುಗಿಯುವ ಮೊದಲೇ ನಿಷೇಧ ತೆರವಾಯಿತು. ಮಣ್ಣು ಹದಗೊಳ್ಳಲು ವರ್ಷಗಳು ಬೇಕು. ಸುತ್ತೋಲೆಯ ವೇಗಕ್ಕೆ ಅದು ಸ್ಪಂದಿಸುವುದಿಲ್ಲ.

ಅತ್ತ ಪೆರುವಿನ ಇಕಾ ಕಣಿವೆಯಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದ ತಪ್ಪು. ಮರುಭೂಮಿಯಲ್ಲಿ ಆಸ್ಪರಾಗಸ್ ಬೆಳೆದು ವಿದೇಶಗಳಿಗೆ ಕಳುಹಿಸುವ ಉದ್ಯಮ ಸಾವಿರಾರು ಜನರಿಗೆ ಉದ್ಯೋಗ ಕೊಟ್ಟಿತು. ಜೊತೆಗೆ ಅಂತರ್ಜಲವನ್ನು ಮರುಪೂರಣಕ್ಕಿಂತ ವೇಗವಾಗಿ ಎತ್ತಿ ಖಾಲಿ ಮಾಡತೊಡಗಿತು. ಲೆಕ್ಕದ ಪುಸ್ತಕದಲ್ಲಿ ಅದು ಕೃಷಿ. ನನ್ನ ದೃಷ್ಟಿಯಲ್ಲಿ ಅದೂ ಗಣಿಗಾರಿಕೆಯೇ, ಅದಿರಿನ ಬದಲು ನೀರು ಅಷ್ಟೆ. ಪ್ರಶ್ನೆ ಕೇಳಿದವರು ಹುಡುಕುತ್ತಿರುವ ವಿಶೇಷಣದ ಅರ್ಥ ಈ ವ್ಯತ್ಯಾಸದಲ್ಲಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಗೋಡಂಬಿಯ ಉದಾಹರಣೆಯಿಂದ ನನ್ನ ವಾದದ ದಿಕ್ಕೇ ಬದಲಾಗಿದೆ. ಒಂದು ಪ್ರಶ್ನೆ ಉಳಿದಿದೆ: ಮಣ್ಣಿನ ಆರೈಕೆಯ ಫಲ ಕಾಣಲು ವರ್ಷಗಳು ಬೇಕೆಂದಾದರೆ, ಕೈಯಲ್ಲಿ ಹಣವಿಲ್ಲದ ರೈತ ಅಷ್ಟು ಕಾಲ ಏಕೆ ಕಾಯುತ್ತಾನೆ?

ಮೂರನೆಯ ಉತ್ತರ ಬರೆದವರು

ಕಾದರೆ ಫಲ ತನಗೇ ಸಿಗುತ್ತದೆ ಎಂಬ ಭರವಸೆಯಿದ್ದರೆ ಕಾಯುತ್ತಾನೆ. ನೈಜರ್ ದೇಶದಲ್ಲಿ ವಸಾಹತು ಕಾಲದಿಂದ ಬಂದ ಕಾನೂನಿನ ಪ್ರಕಾರ ಹೊಲದೊಳಗಿನ ಮರವೂ ಸರ್ಕಾರದ ಸ್ವತ್ತಾಗಿತ್ತು. ಆದ್ದರಿಂದ ಚಿಗುರಿದ ಗಿಡವನ್ನು ಉಳಿಸಿ ರೈತನಿಗೆ ಲಾಭವಿರಲಿಲ್ಲ. 1980ರ ದಶಕದಿಂದೀಚೆಗೆ ಆ ಹಿಡಿತ ಸಡಿಲವಾಗಿ, ಮರ ತನ್ನದೆಂಬ ನಂಬಿಕೆ ಬೆಳೆದಂತೆ, ರೈತರು ಹಳೆಯ ಬೊಡ್ಡೆಗಳಿಂದ ಎದ್ದ ಚಿಗುರುಗಳಲ್ಲಿ ಬಲವಾದವನ್ನು ಉಳಿಸಿ ಉಳಿದವನ್ನು ಕತ್ತರಿಸುತ್ತಾ ಸುಮಾರು 50 ಲಕ್ಷ ಹೆಕ್ಟೇರ್ ಭೂಮಿಗೆ ಮರಳಿ ಮರ ತಂದರು. ಕತ್ತರಿಸಿದ ಕೊಂಬೆ ಮೊದಲ ವರ್ಷದಿಂದಲೇ ಸೌದೆಯಾಗಿ ಮಾರಾಟವಾಯಿತು, ಎಲೆ ಜಾನುವಾರುಗಳಿಗೆ ಮೇವಾಯಿತು. ಕಾಯುವ ಕಾಲಕ್ಕೆ ಹಣ ಒದಗಿದ್ದು ಹೀಗೆ.

ಕೋಸ್ಟರಿಕಾ ಮತ್ತೊಂದು ದಾರಿ ಹಿಡಿಯಿತು. 1996ರ ಅರಣ್ಯ ಕಾಯ್ದೆಯಡಿ ಇಂಧನ ತೆರಿಗೆಯ ಒಂದು ಭಾಗವನ್ನು ತೆಗೆದಿರಿಸಿ, ತಮ್ಮ ಜಮೀನಿನಲ್ಲಿ ಕಾಡು ಉಳಿಸಿಕೊಂಡವರಿಗೆ ಒಪ್ಪಂದದ ಮೇಲೆ ಹಣ ಕೊಡುತ್ತಾ ಬಂದಿದೆ. ಪ್ರಬಂಧದಲ್ಲಿ ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ ಸರ್ಕಾರ ಹಿಂದೆ ಸರಿದಿದೆ, ಇನ್ನೊಂದರಲ್ಲಿ ಹಣದ ಚೀಲ ಹಿಡಿದು ಮುಂದೆ ಬಂದಿದೆ.