ತುಂಬಾ ಓದುವವರಿಗೂ ಕಾಗುಣಿತ ತಪ್ಪುವುದೇಕೆ?

ನೀಲಿ ಶಾಯಿ:
ನನ್ನ ಅಣ್ಣನಿಗೆ ನಲವತ್ತು ದಾಟಿದೆ. ದಪ್ಪ ಪುಸ್ತಕಗಳನ್ನು ಸಲೀಸಾಗಿ ಓದಿ ಮುಗಿಸುತ್ತಾನೆ, ಓದಿದ್ದನ್ನು ಸೊಗಸಾಗಿ ವಿವರಿಸುತ್ತಾನೆ. ಆದರೆ ಒಂದು ಪುಟ ಬರೆದರೆ ‘ಶ್ರೇಷ್ಟ’, ‘ಕನಿಷ್ಟ’, ‘ವಿದ್ಯಾರ್ತಿ’ ಎಲ್ಲವೂ ಹಾಜರು. ಕಚೇರಿಯಲ್ಲಿ ಯಾರೋ ‘ಪುಸ್ತಕ ಮುಟ್ಟದವರ ಹಾಗೆ ಬರೆಯುತ್ತೀರಲ್ಲ’ ಎಂದರಂತೆ. ತುಂಬಾ ನೊಂದುಕೊಂಡಿದ್ದಾನೆ. ಇಷ್ಟು ಓದುವವನಿಗೆ ಕಾಗುಣಿತ ಏಕೆ ಕೈಹತ್ತುವುದಿಲ್ಲ?

ಹಳೆಯ ಓದುಗ:
ಓದಿಗಿಂತ ದೊಡ್ಡ ಮದ್ದಿಲ್ಲ ಎಂಬುದೇ ನನ್ನ ನಿಲುವು. ಅದಕ್ಕೆ ಆಧಾರವೂ ಇದೆ. ಸ್ಟಾನೊವಿಚ್ ಮತ್ತು ವೆಸ್ಟ್ ಎಂಬ ಸಂಶೋಧಕರು 1989ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಹೆಸರುಗಳ ಒಂದು ಪಟ್ಟಿ ಕೊಟ್ಟರು. ಅದರಲ್ಲಿ ನಿಜವಾದ ಲೇಖಕರ ಹೆಸರುಗಳೂ ಇದ್ದವು, ಲೇಖಕರಲ್ಲದವರ ಹೆಸರುಗಳೂ ಬೆರೆತಿದ್ದವು. ಲೇಖಕರು ಯಾರೆಂದು ಗುರುತು ಹಾಕಬೇಕು, ಅಷ್ಟೆ. ‘ಎಷ್ಟು ಓದುತ್ತೀರಿ’ ಎಂದು ನೇರವಾಗಿ ಕೇಳಿದರೆ ಜನ ಸ್ವಲ್ಪ ಏರಿಸಿಯೇ ಹೇಳುತ್ತಾರೆ, ಅದಕ್ಕಾಗಿ ಈ ಉಪಾಯ. ಹೆಚ್ಚು ಲೇಖಕರನ್ನು ಗುರುತಿಸಿದವರಿಗೆ ಪದಗಳ ಬರಹರೂಪದ ಅರಿವೂ ಹೆಚ್ಚಿತ್ತು. ಧ್ವನಿಗಳನ್ನು ಬಿಡಿಸಿ ಗ್ರಹಿಸುವ ಸಾಮರ್ಥ್ಯದ ಪಾಲನ್ನು ಬದಿಗಿಟ್ಟು ಲೆಕ್ಕ ಹಾಕಿದಾಗಲೂ ಓದಿನ ಪಾಲು ಉಳಿದೇ ಇತ್ತು. ನಿಮ್ಮ ಅಣ್ಣ ಓದನ್ನು ಇನ್ನಷ್ಟು ಹೆಚ್ಚಿಸಲಿ.

ಉಕ್ತಲೇಖನ:
ಹಳೆಯ ಓದುಗರೇ, ನೀವು ಹೇಳಿದ್ದು ಗುಂಪಿನ ಮಟ್ಟಿಗೆ ನಿಜ. ಆದರೆ ಓದುತ್ತಲೇ ಇರುವ ಒಬ್ಬ ವ್ಯಕ್ತಿಗೆ ‘ಇನ್ನಷ್ಟು ಓದು’ ಎಂದರೆ, ಅವರ ಕಷ್ಟ ನಮಗೆ ಅರ್ಥವೇ ಆಗಿಲ್ಲ ಎಂದಂತಾಯಿತು. ಮನೋವಿಜ್ಞಾನಿ ಉಟಾ ಫ್ರಿತ್ 1980ರಲ್ಲಿ ಇಂಥವರ ಬಗ್ಗೆಯೇ ಬರೆದಿದ್ದಾರೆ. ಅವರು ಅಧ್ಯಯನ ಮಾಡಿದ ಹನ್ನೆರಡು ವರ್ಷದ ಮಕ್ಕಳು ಚೆನ್ನಾಗಿ ಓದುತ್ತಿದ್ದರು, ಬರೆಯುವಾಗ ಮಾತ್ರ ಎಡವುತ್ತಿದ್ದರು. ತಪ್ಪು ಬರೆದ ಪದವನ್ನು ಗಟ್ಟಿಯಾಗಿ ಓದಿದರೆ ಬಹುಪಾಲು ಸರಿಯಾಗಿಯೇ ಕೇಳುತ್ತಿತ್ತು. ಅಂದರೆ ಧ್ವನಿಯ ಜ್ಞಾನದಲ್ಲಿ ಕೊರತೆ ಇರಲಿಲ್ಲ. ಪದದ ಕೆಲವು ಭಾಗಗಳನ್ನಷ್ಟೇ ಹಿಡಿದು ಉಳಿದದ್ದನ್ನು ಸಂದರ್ಭದಿಂದ ತುಂಬಿಕೊಳ್ಳುವುದು ಅವರ ಓದಿನ ರೀತಿ ಎಂದು ಫ್ರಿತ್ ವಿವರಿಸಿದರು. ಓದಲು ಅಷ್ಟು ಸಾಕು. ಬರೆಯಲು ಪ್ರತಿ ಅಕ್ಷರವೂ ಮನಸ್ಸಿನಲ್ಲಿ ಇರಬೇಕು.

ದೊಡ್ಡವರ ವಿಷಯಕ್ಕೂ ಇದು ಅನ್ವಯಿಸುತ್ತದೆ. ಓದಿನಲ್ಲಿ ಕೊರತೆಯಿಲ್ಲದೆ ಕಾಗುಣಿತದಲ್ಲಿ ಮಾತ್ರ ಹಿಂದುಳಿದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕುರಿತು ಹೋಮ್ಸ್ ಮತ್ತು ಕ್ಯಾಸಲ್ಸ್ 2001ರಲ್ಲಿ ಬರೆದರು. ವೇಗವಾಗಿ ಓದುವ ಜಾಣರಿಗೂ ಈ ತೊಂದರೆ ಇರಬಹುದು ಎಂಬುದನ್ನು ಆ ಕಚೇರಿಯವರು ತಿಳಿದಿದ್ದರೆ ಚೆನ್ನಾಗಿತ್ತು.

ಅಕ್ಷರಪ್ರಿಯ:
ಇದೆಲ್ಲ ಇಂಗ್ಲಿಷಿನ ಗೋಳು. 1966ರಲ್ಲಿ ಹ್ಯಾನಾ ಮತ್ತು ಸಂಗಡಿಗರು ಧ್ವನಿಯಿಂದ ಅಕ್ಷರಕ್ಕೆ ಹೋಗುವ ನಿಯಮಗಳನ್ನು ಕಂಪ್ಯೂಟರಿಗೆ ಕೊಟ್ಟು ಹದಿನೇಳು ಸಾವಿರಕ್ಕೂ ಹೆಚ್ಚು ಇಂಗ್ಲಿಷ್ ಪದಗಳನ್ನು ಬರೆಸಿದರು. ಸರಿಯಾದದ್ದು ಸುಮಾರು ಅರ್ಧ. ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ. ಉಚ್ಚಾರಣೆ ತಿದ್ದಿಕೊಂಡರೆ ಬರಹ ತಾನಾಗಿಯೇ ತಿದ್ದಿಹೋಗುತ್ತದೆ.

ಕರಡು ತಿದ್ದುವವಳು:
ನುಡಿದಂತೆ ಬರೆಯುತ್ತೇವೆ ಎಂಬುದೇ ಈ ತಪ್ಪುಗಳ ಮೂಲ, ಅಕ್ಷರಪ್ರಿಯ ಅವರೇ! ದಿನನಿತ್ಯದ ಮಾತಿನಲ್ಲಿ ಎಷ್ಟು ಜನ ಮಹಾಪ್ರಾಣವನ್ನು ಪೂರ್ತಿ ಉಚ್ಚರಿಸುತ್ತಾರೆ? ‘ಮದ್ಯ’ ಮತ್ತು ‘ಮಧ್ಯ’ ಹೆಚ್ಚಿನವರ ಬಾಯಲ್ಲಿ ಒಂದೇ. ಶ, ಷ ಎರಡರ ನಡುವಿನ ವ್ಯತ್ಯಾಸವಂತೂ ಕಿವಿಗೆ ಬೀಳುವುದೇ ಅಪರೂಪ. ಕಿವಿಯನ್ನಷ್ಟೇ ನಂಬಿ ಬರೆದರೆ ‘ಶ್ರೇಷ್ಟ’ ಎಂದೇ ಬರುತ್ತದೆ.

ನನ್ನ ಕೆಲಸದಲ್ಲಿ ದಿನವೂ ಎದುರಾಗುವ ಜೋಡಿ ಷ್ಟ–ಷ್ಠ. ಇದನ್ನು ಒಂದೊಂದೇ ಪದವಾಗಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕನಿಷ್ಠ, ಗರಿಷ್ಠ, ಶ್ರೇಷ್ಠ, ಜ್ಯೇಷ್ಠ, ಬಲಿಷ್ಠ ಪದಗಳಲ್ಲಿ ‘ಎಲ್ಲಕ್ಕಿಂತ’ ಎಂಬ ಅರ್ಥ ಕೊಡುವ ‘ಇಷ್ಠ’ ಪ್ರತ್ಯಯವಿದೆ, ಹಾಗಾಗಿ ಠ. ನಿಷ್ಠೆ, ಪ್ರತಿಷ್ಠೆ, ಅನುಷ್ಠಾನಗಳಲ್ಲಿ ‘ಸ್ಥಾ’ ಧಾತುವಿದೆ. ಅದರ ಥಕಾರವೇ ಇಲ್ಲಿ ಠಕಾರವಾಗಿದೆ. ನಷ್ಟ, ಭ್ರಷ್ಟ, ದೃಷ್ಟಿ, ಸೃಷ್ಟಿಗಳಲ್ಲಿ ಇರುವುದು ತಕಾರದ ಪ್ರತ್ಯಯ, ಆದ್ದರಿಂದ ಟ. ವಿದ್ಯಾರ್ಥಿ, ಪ್ರಾರ್ಥನೆ, ಸ್ವಾರ್ಥ ಮೂರರಲ್ಲೂ ‘ಅರ್ಥ’ ಕಾಣಿಸಿದ ಮೇಲೆ ‘ರ್ತಿ’ ಬರೆಯಲು ಕೈಯೇ ಹೋಗುವುದಿಲ್ಲ. ಕಾಗುಣಿತದಲ್ಲಿ ಗಟ್ಟಿಗರಾದ ದೊಡ್ಡವರು ಪದವನ್ನು ಹೀಗೆ ಒಡೆದು ನೋಡಬಲ್ಲರು.

ಕೀಲಿಮಣೆ:
ಮೊಬೈಲೇ ತಿದ್ದಿಕೊಡುವ ಕಾಲದಲ್ಲಿ ಇಷ್ಟೊಂದು ಶ್ರಮ ಬೇಕೇ?

ಕರಡು ತಿದ್ದುವವಳು:
‘ರಸ್ತೆಯ ಮದ್ಯದಲ್ಲಿ’ ಎಂದು ಬರೆದು ನೋಡಿ. ಮದ್ಯ ಎಂಬ ಪದ ನಿಘಂಟಿನಲ್ಲಿದೆ. ಪದಪಟ್ಟಿಯೊಂದಿಗೆ ಹೋಲಿಸಿ ನೋಡುವ ಸಾಧನ ಅದನ್ನು ಹಾಗೆಯೇ ಬಿಡುತ್ತದೆ. ಮೊಬೈಲು ನಾಲ್ಕು ಪದಗಳನ್ನು ಮುಂದಿಟ್ಟರೂ ಸರಿಯಾದದ್ದನ್ನು ಆರಿಸಬೇಕಾದವರು ನಾವೇ.

ಅಕ್ಷರಪ್ರಿಯ:
ಷ್ಠದ ವಿವರಣೆ ಒಪ್ಪಿದೆ. ಹಾಗಿದ್ದರೆ ಧ್ವನಿಗೆ ಏನೂ ಕೆಲಸವಿಲ್ಲವೇ?

ಉಕ್ತಲೇಖನ:
ಖಂಡಿತ ಇದೆ. ಮಿದುಳಿಗೆ ಪೆಟ್ಟಾದವರಿಂದ ಇದು ಸ್ಪಷ್ಟವಾಯಿತು. 1981ರಲ್ಲಿ ಮನೋವಿಜ್ಞಾನಿ ಟಿಮ್ ಶಾಲಿಸ್ ವರ್ಣಿಸಿದ ರೋಗಿಯೊಬ್ಬರು ಗೊತ್ತಿರುವ ಪದಗಳನ್ನು ಬಹುಮಟ್ಟಿಗೆ ಸರಿಯಾಗಿ ಬರೆಯುತ್ತಿದ್ದರು. ಅರ್ಥವಿಲ್ಲದ ಹೊಸ ಶಬ್ದ ಹೇಳಿದರೆ ಬರೆಯಲಾಗುತ್ತಿರಲಿಲ್ಲ. ಅದೇ ವರ್ಷ ಫ್ರೆಂಚ್ ಸಂಶೋಧಕರಿಬ್ಬರು ಇದಕ್ಕೆ ತದ್ವಿರುದ್ಧವಾದ ರೋಗಿಯ ಬಗ್ಗೆ ಬರೆದರು. ಆ ವ್ಯಕ್ತಿ ಅರ್ಥವಿಲ್ಲದ ಶಬ್ದವನ್ನು ಕೇಳಿದಂತೆ ಬರೆಯಬಲ್ಲವರು, ಆದರೆ ನಿಯಮ ಮೀರಿದ ನಿತ್ಯದ ಪದಗಳಲ್ಲಿ ಎಡವುತ್ತಿದ್ದರು. ಹಾಗಾಗಿ ಬರಹಕ್ಕೆ ಎರಡು ಹಾದಿಗಳಿವೆ ಎಂಬ ತಿಳಿವಳಿಕೆ ನೆಲೆಯೂರಿತು: ಇಡೀ ಪದದ ನೆನಪು ಒಂದು, ಧ್ವನಿಯಿಂದ ಅಕ್ಷರ ಕಟ್ಟುವುದು ಇನ್ನೊಂದು. ಇವುಗಳ ಜೊತೆಗೆ ಬರೆದು ಮುಗಿಯುವವರೆಗೆ ಅಕ್ಷರಗಳ ಸಾಲನ್ನು ಹಿಡಿದಿಡುವ ತಾತ್ಕಾಲಿಕ ನೆನಪೂ ಬೇಕು. ಅದು ಸಡಿಲವಾದರೆ ಉದ್ದದ ಪದಗಳಲ್ಲಿ ಅಕ್ಷರ ಬಿಟ್ಟುಹೋಗುತ್ತದೆ, ಅದಲುಬದಲಾಗುತ್ತದೆ.

ಇನ್ನೊಂದು ಮಾತು. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದೇ ಕಷ್ಟವಾಗುವ ತೊಂದರೆ, ಇರುವ ಅನೇಕರು ದೊಡ್ಡವರಾಗುವಷ್ಟರಲ್ಲಿ ಓದನ್ನು ಸಾಕಷ್ಟು ಸುಧಾರಿಸಿಕೊಂಡಿರುತ್ತಾರೆ, ಆದರೆ ಕಾಗುಣಿತದ ತೊಂದರೆ ಉಳಿದುಬಿಡುತ್ತದೆ. ತಪ್ಪು ಕಂಡ ಕೂಡಲೇ ಅಸಡ್ಡೆ ಎಂದು ತೀರ್ಮಾನಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಹಳೆಯ ಓದುಗ:
ಓದಿದರೆ ಸಾಕು ಎನ್ನುವುದನ್ನು ‘ಓದದೆ ಆಗದು’ ಎಂದು ಬದಲಿಸುತ್ತೇನೆ. ಅದಕ್ಕಿಂತ ಹಿಂದೆ ಸರಿಯಲಾರೆ. ಕಂಡಿರದ ಪದದ ರೂಪ ಮನಸ್ಸಿಗೆ ಎಲ್ಲಿಂದ ಬರಬೇಕು? ಏನನ್ನು ಓದುತ್ತೇವೆ ಎಂಬುದೂ ಮುಖ್ಯ. ತಪ್ಪು ಕಾಗುಣಿತವನ್ನು ಓದಿದವರು ಆಮೇಲೆ ಅದೇ ಪದಗಳನ್ನು ಬರೆಯುವಾಗ ಹೆಚ್ಚು ತಪ್ಪುತ್ತಾರೆಂದು ಜಾಕೋಬಿ ಮತ್ತು ಹಾಲಿಂಗ್ಸ್‌ಹೆಡ್ 1990ರಲ್ಲಿ ತೋರಿಸಿದರು. ತಿದ್ದದೆ ಪ್ರಕಟವಾಗುವ ಬರಹವನ್ನೇ ಇಡೀ ದಿನ ಓದುವವರ ಗತಿ ಏನು?

ಕರಡು ತಿದ್ದುವವಳು:
ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ತಪ್ಪು ರೂಪಗಳನ್ನೇ ನೋಡುತ್ತಿದ್ದರೆ ಸರಿಯಾದದ್ದರ ಮೇಲೂ ಅನುಮಾನ ಬರುತ್ತದೆ. ಅದಕ್ಕೇ ನಿಘಂಟು ಸದಾ ನನ್ನ ಪಕ್ಕದಲ್ಲಿರುತ್ತದೆ.

ನೀಲಿ ಶಾಯಿ:
ಎಲ್ಲರಿಗೂ ಧನ್ಯವಾದಗಳು. ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ನನ್ನದು ಸೋಮಾರಿತನವಲ್ಲ ಎಂದು ಯಾರಾದರೂ ಹೇಳಿದರಲ್ಲ’ ಎಂದ. ಈಗ ಎಲ್ಲಿಂದ ಶುರು ಮಾಡಬೇಕು?

ಕರಡು ತಿದ್ದುವವಳು:
ಅವರು ಇತ್ತೀಚೆಗೆ ಬರೆದ ಪುಟಗಳಿಂದ ಶುರು ಮಾಡಿ. ತಪ್ಪಿದ ಪದಗಳನ್ನು ಹೆಕ್ಕಿ, ಒಂದೇ ಕಾರಣಕ್ಕೆ ತಪ್ಪಿದವುಗಳನ್ನು ಒಟ್ಟಿಗೆ ಇಡಿ. ನೀವು ಕೊಟ್ಟ ಮೂರರಲ್ಲಿ ಎರಡು ಷ್ಠದವೇ ಆಗಿವೆ. ಆ ಗುಂಪಿನ ಪದವೊಂದನ್ನು ನಿಧಾನವಾಗಿ ನೋಡಲಿ, ಒಡೆಯಲಿ, ಪುಟ ಮುಚ್ಚಿ ಬರೆಯಲಿ, ಆಮೇಲೆ ಹೋಲಿಸಲಿ. ನೋಡಿಕೊಂಡು ನಕಲು ಮಾಡುವುದು ಬೇಡ, ನೆನಪಿನಿಂದಲೇ ಬರೆಯಬೇಕು. ಮರುದಿನ ನೀವು ಹೇಳಿ ಬರೆಸಿ, ‘ಕನಿಷ್ಠ’ದ ಪಕ್ಕದಲ್ಲೇ ‘ನಷ್ಟ’ವೂ ಬರಲಿ.